ಹೆಸರಿನ ಎದುರು ವಿಳಾಸ ಬರೆದಿಟ್ಟವರು: ಜಾನ್ ಪೋಸ್ಟೆಲ್

ನಮ್ಮ ಶಾಲೆಯ ಆಫೀಸಿನ ಬೀರುವಿನಲ್ಲಿ ದಪ್ಪ ರಟ್ಟು ಹಾಕಿದ ದಾಖಲಾತಿ ರಿಜಿಸ್ಟರುಗಳಿವೆ. ಈ ಐವತ್ತು ವರ್ಷಗಳಲ್ಲಿ ಇಲ್ಲಿ ಓದಿದ ಪ್ರತಿಯೊಬ್ಬರ ಹೆಸರೂ ಒಂದು ನಂಬರಿನ ಎದುರು ಅಲ್ಲಿದೆ. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ. ಮೂವತ್ತು ವರ್ಷ ಕಳೆದ ಮೇಲೆ ಯಾರೋ ಬಂದು ವರ್ಗಾವಣೆ ಪತ್ರದ ನಕಲು ಕೇಳಿದರೂ ಆ ಪುಟದಲ್ಲಿ ಏನಿದೆಯೋ ಅದೇ ಪ್ರಮಾಣ. ಅಲ್ಲಿ ಹುಟ್ಟಿದ ದಿನಾಂಕ ತಪ್ಪಾಗಿ ಬಿದ್ದಿದ್ದರೆ ಅದು ಅಂಕಪಟ್ಟಿಗೆ ಹೋಗುತ್ತದೆ, ನೌಕರಿಗೆ ಹೋಗುತ್ತದೆ, ಕೊನೆಗೆ ಪಿಂಚಣಿಯ ಕಡತಕ್ಕೂ ಹೋಗುತ್ತದೆ. ಸರಿಯಾಗಿ ಬರೆದ ಕೈಯನ್ನು ಯಾರೂ ನೆನೆಯುವುದಿಲ್ಲ. ತಪ್ಪಾದಾಗ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

ನಾವು ದಿನವೂ ಬಳಸುವ ಇಂಟರ್‌ನೆಟ್ಟಿಗೂ ಇಂಥದ್ದೊಂದು ರಿಜಿಸ್ಟರ್ ಇದೆ. ಪ್ರಪಂಚದ ಎಲ್ಲಾ ಕಂಪ್ಯೂಟರುಗಳೂ ಅದನ್ನು ನಂಬಿ ನಡೆಯುತ್ತವೆ. ಆ ರಿಜಿಸ್ಟರನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದವರು ಅಮೆರಿಕದ ಜಾನ್ ಪೋಸ್ಟೆಲ್. ನನ್ನ ವೃತ್ತಿಯವರಿಗೆ ಇದು ದೊಡ್ಡ ಹೆಸರು. ಸುವರ್ಣ ಮಹೋತ್ಸವದ ಸಂಚಿಕೆಗೆ ಸಾಧಕರೊಬ್ಬರ ಜೀವನ ಕುರಿತು ಬರೆದುಕೊಡಬೇಕೆಂದು ಗುರುಗಳು ಹೇಳಿದಾಗ ನನಗೆ ಮೊದಲು ಹೊಳೆದವರು ಇವರೇ. ಇವರು ಕಂಪನಿ ಕಟ್ಟಲಿಲ್ಲ, ಕೋಟ್ಯಧೀಶರಾಗಲಿಲ್ಲ. ಒಂದು ಪಟ್ಟಿಯನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡರು.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾ ಎಂಬಲ್ಲಿ. ಓದಿದ್ದು ಲಾಸ್ ಏಂಜಲೀಸ್ ನಗರದ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಅದು ನಮ್ಮ ಶಾಲೆಯಂತೆ ಸರ್ಕಾರದ ಖರ್ಚಿನಲ್ಲಿ ನಡೆಯುವ, ಎಲ್ಲರ ಮಕ್ಕಳಿಗೂ ಬಾಗಿಲು ತೆರೆದ ಶಾಲೆ. ಮುಂದೆ ಇಂಟರ್‌ನೆಟ್ಟಿನ ಜನಕರಲ್ಲಿ ಒಬ್ಬರೆನಿಸಿದ ವಿಂಟ್ ಸರ್ಫ್, ಅದರ ನಿಯಮಗಳನ್ನು ಬರೆದಿಡುವ ಪದ್ಧತಿ ಆರಂಭಿಸಿದ ಸ್ಟೀವ್ ಕ್ರಾಕರ್ ಇವರಿಬ್ಬರೂ ಅದೇ ಶಾಲೆಯವರು. ಒಂದು ಸಾಮಾನ್ಯ ಹೈಸ್ಕೂಲಿನಿಂದ ಹೊರಟ ಈ ಮೂವರು ಮುಂದೆ ಒಂದೇ ಕೋಣೆಯಲ್ಲಿ ಕುಳಿತು ಜಗತ್ತಿನ ಚಹರೆ ಬದಲಿಸುವ ಕೆಲಸ ಮಾಡಿದರು ಎಂಬುದನ್ನು ನಮ್ಮ ಶಾಲೆಯ ಇಂದಿನ ಮಕ್ಕಳು ಗಮನಿಸಬೇಕು.

ಆ ಕೋಣೆ ಇದ್ದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಇಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಸಂಶೋಧನೆಗೆ ನಿಂತರು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಜಾಲ ಆಗ ರೂಪುಗೊಳ್ಳುತ್ತಿತ್ತು. ಬೇರೆ ಬೇರೆ ಊರಿನ ಕಂಪ್ಯೂಟರುಗಳು ತಂತಿಯ ಮೂಲಕ ಮಾತಾಡಿಕೊಳ್ಳಬೇಕು ಎಂಬುದು ಅದರ ಗುರಿ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶ ಹೋಯಿತು. ಲಾಗಿನ್ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕಳುಹಿಸಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಕೆಟ್ಟು ನಿಂತಿತು! ಸ್ವಲ್ಪ ಹೊತ್ತಿನ ನಂತರ ಸರಿಪಡಿಸಿ ಪೂರ್ತಿ ಕಳುಹಿಸಿದರು. ಆ ವರ್ಷದ ಕೊನೆಗೆ ಜಾಲದಲ್ಲಿದ್ದ ಕೇಂದ್ರಗಳು ಕೇವಲ ನಾಲ್ಕು.

ನಾಲ್ಕು ಮನೆಯ ಹಟ್ಟಿಯಲ್ಲಿ ಯಾರಿಗೂ ವಿಳಾಸ ಬೇಕಿಲ್ಲ. ಮನೆ ಹೆಚ್ಚಿದಂತೆ ಬೇಕಾಗುತ್ತದೆ. ಇದನ್ನು ಬೇಗ ಕಂಡುಕೊಂಡವರು ಪೋಸ್ಟೆಲ್. ಜಾಲದಲ್ಲಿ ಯಾವ ಕೆಲಸಕ್ಕೆ ಯಾವ ಸಂಖ್ಯೆ ಎಂದು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹಿಡಿದರೆ ಗೊಂದಲವಾಗುತ್ತದೆ. ಯಾರಾದರೊಬ್ಬರು ಪಟ್ಟಿ ಇಡಬೇಕು. 1972ರ ಮೇ ತಿಂಗಳಲ್ಲಿ ಅವರು ಈ ಸಲಹೆಯನ್ನು ಬರೆದು ಎಲ್ಲರಿಗೂ ಹಂಚಿದರು, ಆ ಹೊಣೆಯನ್ನು ತಾವೇ ಹೊರಲು ಮುಂದಾದರು. ಯಾವ ಆದೇಶವೂ ಅವರ ಕೈಗೆ ಬರಲಿಲ್ಲ. ಮೊದಮೊದಲು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಯಾರಿಗಾದರೂ ಹೊಸ ಸಂಖ್ಯೆ ಬೇಕಿದ್ದರೆ ಅವರನ್ನು ಕೇಳುವುದು, ಅವರು ಯೋಚಿಸಿ ಒಂದನ್ನು ಕೊಡುವುದು, ಕೊಟ್ಟದ್ದನ್ನು ಬರೆದು ಪ್ರಕಟಿಸುವುದು. ಇಂದಿಗೂ ಇ-ಮೇಲ್ ಸಾಗುವುದು 25ನೇ ಬಾಗಿಲಿನಿಂದ, ಹೆಸರು ವಿಚಾರಿಸುವುದು 53ನೇ ಬಾಗಿಲಿನಲ್ಲಿ, ವೆಬ್‌ಗೆ ಮೊದಲು ಸಿಕ್ಕಿದ್ದು 80ನೇ ಬಾಗಿಲು. ಎಲ್ಲವೂ ಆ ಪಟ್ಟಿಯ ಸಾಲುಗಳೇ.

ಜಾಲದ ನಿಯಮಗಳನ್ನು ಆರ್‌ಎಫ್‌ಸಿ ಎಂಬ ಕ್ರಮಸಂಖ್ಯೆಯ ಟಿಪ್ಪಣಿಗಳಾಗಿ ಬರೆದಿಡುವ ಪದ್ಧತಿಯನ್ನು ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಶುರುಮಾಡಿದ್ದರು. ಅವನ್ನು ತಿದ್ದಿ, ಒಪ್ಪವಾಗಿ ಪ್ರಕಟಿಸುವ ಸಂಪಾದಕರ ಕೆಲಸವೂ ಪೋಸ್ಟೆಲ್ ಅವರ ಪಾಲಿಗೆ ಬಂತು. ಸಾಯುವವರೆಗೂ ಅದನ್ನು ಬಿಡಲಿಲ್ಲ. 1974ರಲ್ಲಿ ಡಾಕ್ಟರೇಟ್ ಪಡೆದ ಅವರು ಬೇರೆ ಕೆಲವು ಕಡೆ ದುಡಿದು, 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿದರು. ಸಮುದ್ರದ ಪಕ್ಕದ ಮರೀನಾ ಡೆಲ್ ರೇ ಎಂಬಲ್ಲಿದ್ದ ಆ ಕಚೇರಿಯಲ್ಲೇ ಅವರ ಉಳಿದ ಆಯುಷ್ಯ ಕಳೆಯಿತು. ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ, ಮೆತ್ತಗಿನ ಮಾತು. ಬಿಡುವು ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಸಿಯೆರಾ ಬೆಟ್ಟಗಳಲ್ಲಿ ನಡೆದಾಡುವುದು ಅವರ ಪ್ರೀತಿಯ ಹವ್ಯಾಸ.

ಇನ್ನು ಹೆಸರು ಮತ್ತು ವಿಳಾಸದ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ನಾವು ಅಮ್ಮ ಎಂಬ ಹೆಸರನ್ನು ಒತ್ತುತ್ತೇವೆ, ಅದರ ಹಿಂದಿನ ಹತ್ತಂಕಿಯ ನಂಬರ್ ನಮಗೆ ನೆನಪಿರುವುದಿಲ್ಲ. ಕಂಪ್ಯೂಟರ್ ಜಾಲದಲ್ಲೂ ಹಾಗೆಯೇ. ಪ್ರತಿ ಯಂತ್ರಕ್ಕೂ 192.0.2.10 ಎಂಬಂಥ ಒಂದು ಸಂಖ್ಯಾ ವಿಳಾಸ. ಮನುಷ್ಯರಿಗೆ ನೆನಪಿರುವುದು ಹೆಸರು. ಆದ್ದರಿಂದ ಹೆಸರು ಒಂದು ಕಡೆ, ವಿಳಾಸ ಇನ್ನೊಂದು ಕಡೆ ಬರೆದ ಪಟ್ಟಿ ಬೇಕು. ಆರಂಭದಲ್ಲಿ ಪ್ರತಿ ಕೇಂದ್ರದವರೂ ತಮಗೆ ತೋಚಿದಂತೆ ಪಟ್ಟಿ ಮಾಡಿಕೊಂಡಿದ್ದರು. ಒಂದೇ ಯಂತ್ರಕ್ಕೆ ಇಲ್ಲೊಂದು ಹೆಸರು, ಅಲ್ಲೊಂದು ಹೆಸರು! ಇದು ಸರಿಯಲ್ಲ, ಎಲ್ಲರಿಗೂ ಒಂದೇ ಪಟ್ಟಿ ಇರಲಿ ಎಂಬ ಒತ್ತಾಯ 1973ರ ಕೊನೆಗೆ ಎದ್ದಿತು. ಅಂತೆಯೇ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಜಾಲ ಮಾಹಿತಿ ಕೇಂದ್ರ ಒಂದು ಅಧಿಕೃತ ಪಟ್ಟಿ ಇಡತೊಡಗಿತು. ಹೋಸ್ಟ್ಸ್ ಎಂದು ಅದರ ಹೆಸರು. ಅದನ್ನು ಅಚ್ಚುಕಟ್ಟಾಗಿ ನಡೆಸಿದವರು ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಮತ್ತು ಅವರ ತಂಡ. ಸಂಖ್ಯೆಗಳ ಪಟ್ಟಿ ಪೋಸ್ಟೆಲ್ ಅವರದು, ಹೆಸರುಗಳ ಪಟ್ಟಿ ಫೈನ್ಲರ್ ಅವರದು. ಈ ಇಬ್ಬರ ಪಟ್ಟಿಗಳ ಮೇಲೆ ಇಡೀ ಜಾಲ ನಡೆಯುತ್ತಿತ್ತು.

ಹೊಸ ಕಂಪ್ಯೂಟರ್ ತಂದವರು ಈ ಕೇಂದ್ರಕ್ಕೆ ತಿಳಿಸಬೇಕಿತ್ತು. ಅವರು ಪಟ್ಟಿಗೆ ಒಂದು ಸಾಲು ಸೇರಿಸುತ್ತಿದ್ದರು. ಉಳಿದವರೆಲ್ಲ ಆಗಾಗ ಆ ಪಟ್ಟಿಯ ಹೊಸ ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ತಾನಾಗಿ ಬದಲಾಗದ, ಮನುಷ್ಯರು ಕೈಯಿಂದಲೇ ತಿದ್ದಬೇಕಾದ ಇಂಥ ಸಾಲುಗಳಿಗೆ ನಾವು ಸ್ಥಿರ ನಮೂದು ಎನ್ನುತ್ತೇವೆ. ಯಂತ್ರಗಳು ನೂರಾರು ಆದಾಗ ಈ ಏರ್ಪಾಡು ಏದುಸಿರು ಬಿಡತೊಡಗಿತು. ಪ್ರತಿ ಕೇಂದ್ರ ತನ್ನ ಪ್ರತಿಯನ್ನು ಇಳಿಸಿಕೊಳ್ಳುವಷ್ಟರಲ್ಲಿ ಪಟ್ಟಿ ಹಳತಾಗಿರುತ್ತಿತ್ತು. ಒಬ್ಬರು ಇಟ್ಟ ಹೆಸರನ್ನೇ ಇನ್ನೊಬ್ಬರು ಕೇಳುತ್ತಿದ್ದರು. ಪಟ್ಟಿ ಕಳುಹಿಸುವುದೇ ಜಾಲಕ್ಕೊಂದು ಹೊರೆಯಾಯಿತು.

ಇದೇ ಹೊತ್ತಿಗೆ ಜಾಲದ ಅಡಿಪಾಯವೇ ಬದಲಾಗುತ್ತಿತ್ತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದ ಟಿಸಿಪಿ ಮತ್ತು ಐಪಿ ನಿಯಮಗಳನ್ನು ಸ್ಪಷ್ಟ ಭಾಷೆಯಲ್ಲಿ ಸಂಪಾದಿಸಿ 1981ರ ಸೆಪ್ಟೆಂಬರಿನಲ್ಲಿ ಹೊರತಂದವರು ಪೋಸ್ಟೆಲ್. ಇ-ಮೇಲ್ ಕಳುಹಿಸುವ ನಿಯಮವನ್ನು 1982ರಲ್ಲಿ ಬರೆದವರೂ ಅವರೇ. 1983ರ ಜನವರಿ 1ರಂದು ಎಲ್ಲರೂ ಹಳೆಯ ಪದ್ಧತಿ ಬಿಟ್ಟು ಹೊಸದಕ್ಕೆ ಬರಬೇಕೆಂದು ಯೋಜನೆ ತಯಾರಾಯಿತು. ಅದನ್ನು ಬರೆದವರೂ ಅವರೇ. ಈ ಬರಹಗಳಲ್ಲಿ ಅವರು ಹೇಳಿದ ಒಂದು ತತ್ವ ಇಂದಿಗೂ ಅವರ ಹೆಸರಿನಲ್ಲೇ ಉಳಿದಿದೆ. ನಾವು ಕಳುಹಿಸುವ ಸಂದೇಶದಲ್ಲಿ ಶಿಸ್ತು ಇರಬೇಕು, ಬೇರೆಯವರು ಕಳುಹಿಸಿದ್ದರಲ್ಲಿ ಸಣ್ಣಪುಟ್ಟ ದೋಷವಿದ್ದರೆ ಸೈರಿಸಿಕೊಳ್ಳಬೇಕು ಎಂಬುದು ಅದರ ಸಾರ. ಇದು ಕಂಪ್ಯೂಟರಿಗೆ ಹೇಳಿದ ಮಾತು. ಊರಿನಲ್ಲಿ ಬಾಳುವವರಿಗೂ ಹೊಂದುತ್ತದೆ.

ಹೆಸರಿನ ಪಟ್ಟಿಯ ಸಮಸ್ಯೆಗೆ ಹಲವರು ಹಲವು ಪರಿಹಾರ ಸೂಚಿಸಿದ್ದರು. ಪೋಸ್ಟೆಲ್ ಆ ಐದು ಪ್ರಸ್ತಾಪಗಳನ್ನು ತಮ್ಮ ಸಂಸ್ಥೆಯ ಯುವಕ ಪಾಲ್ ಮೊಕಪೆಟ್ರಿಸ್ ಅವರ ಕೈಗಿಟ್ಟು, ಎಲ್ಲವನ್ನೂ ಹೊಂದಿಸಿ ಒಂದು ದಾರಿ ಮಾಡುವಂತೆ ತಿಳಿಸಿದರು. ಮೊಕಪೆಟ್ರಿಸ್ ಐದನ್ನೂ ಬದಿಗಿಟ್ಟು ತಮ್ಮದೇ ಆದ ಹೊಸ ವ್ಯವಸ್ಥೆ ರೂಪಿಸಿದರು. ಕಿರಿಯರು ಹೇಳಿದ ಕೆಲಸ ಬಿಟ್ಟು ಬೇರೆ ಮಾಡಿದರೆ ಸಿಟ್ಟಾಗುವ ಹಿರಿಯರೇ ಹೆಚ್ಚು. ಪೋಸ್ಟೆಲ್ ಅದನ್ನು ಒಪ್ಪಿದರು, ಬೆನ್ನಿಗೆ ನಿಂತರು. 1983ರ ನವೆಂಬರಿನಲ್ಲಿ ಮೊಕಪೆಟ್ರಿಸ್ ಅವರ ಬರಹಗಳ ಜೊತೆಗೇ ಅದನ್ನು ಜಾರಿಗೆ ತರುವ ಯೋಜನೆಯನ್ನೂ ಪ್ರಕಟಿಸಿದರು. ಅದೇ ಇಂದಿನ ಡೊಮೈನ್ ಹೆಸರು ವ್ಯವಸ್ಥೆ, ಅಂದರೆ ಡಿಎನ್‌ಎಸ್.

ಅದರ ಉಪಾಯವನ್ನು ನಮ್ಮ ಶಿಕ್ಷಣ ಇಲಾಖೆಯ ಮಾದರಿಯಲ್ಲೇ ಹೇಳಬಹುದು. ರಾಜ್ಯದ ಎಲ್ಲಾ ಮಕ್ಕಳ ಹೆಸರೂ ಬೆಂಗಳೂರಿನ ಒಂದೇ ಪುಸ್ತಕದಲ್ಲಿ ಇರಬೇಕಿಲ್ಲ. ಯಾವ ಜಿಲ್ಲೆಯನ್ನು ಯಾವ ಉಪನಿರ್ದೇಶಕರ ಕಚೇರಿ ನೋಡುತ್ತದೆ ಎಂಬುದಷ್ಟೇ ಮೇಲಿನವರಿಗೆ ಗೊತ್ತಿದ್ದರೆ ಸಾಕು. ಉಪನಿರ್ದೇಶಕರ ಕಚೇರಿಗೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ಗೊತ್ತು. ಅವರಿಗೆ ಶಾಲೆಗಳು ಗೊತ್ತು. ಮಗುವಿನ ಹೆಸರು ಶಾಲೆಯ ರಿಜಿಸ್ಟರಿನಲ್ಲಿದೆ. ಹೀಗೆ ಕೇಳುತ್ತಾ ಹೋದರೆ ಯಾವ ಮಗುವಿನ ವಿವರವಾದರೂ ಸಿಗುತ್ತದೆ. ತಿದ್ದುಪಡಿಯ ಹೊಣೆ ಆಯಾ ಶಾಲೆಯದು. ಡಿಎನ್‌ಎಸ್ ಕೂಡ ಹಾಗೆಯೇ. ಎಲ್ಲಕ್ಕಿಂತ ಮೇಲೆ ಬೇರು ಎಂಬ ಚಿಕ್ಕ ಪಟ್ಟಿ. ಡಾಟ್ ಕಾಮ್ ಯಾರ ಹತ್ತಿರ, ಡಾಟ್ ಇನ್ ಯಾರ ಹತ್ತಿರ ಎಂಬುದಷ್ಟೇ ಅದರಲ್ಲಿದೆ. ಅವರವರ ಕೆಳಗಿನ ಹೆಸರುಗಳ ಪಟ್ಟಿ ಅವರವರದು.

ಪಟ್ಟಿ ಹಂಚಿಹೋಯಿತೇ ಹೊರತು ಕೈಯಿಂದ ಬರೆಯುವ ಕೆಲಸ ತಪ್ಪಲಿಲ್ಲ. ಇದು ನನಗೆ ಸ್ವಂತ ಅನುಭವದಿಂದ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೇಮ್ ಸರ್ವರಿನ ಕಡತ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಯಂತ್ರವನ್ನು ಹೊಸ ವಿಳಾಸಕ್ಕೆ ಸಾಗಿಸಿದ್ದರು, ನಾನು ಅದರ ಹೆಸರಿನ ಎದುರು ಹೊಸ ವಿಳಾಸ ಬರೆದೆ. ಆದರೆ ಆ ಕಡತದ ತಲೆಯಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. ಪ್ರತಿ ತಿದ್ದುಪಡಿಗೂ ಅದನ್ನು ಹೆಚ್ಚಿಸಬೇಕು. ಎರಡನೆಯ ಸರ್ವರ್ ಆ ಸಂಖ್ಯೆ ಹೆಚ್ಚಿದ್ದರೆ ಮಾತ್ರ ಹೊಸ ಪ್ರತಿ ತೆಗೆದುಕೊಳ್ಳುತ್ತದೆ. ನಾನು ಅದನ್ನು ಮರೆತೆ. ಮೊದಲ ಸರ್ವರಿನಲ್ಲಿ ಹೊಸ ವಿಳಾಸ, ಎರಡನೆಯದರಲ್ಲಿ ಹಳೆಯದು. ಕೆಲವರಿಗೆ ಯಂತ್ರ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತಿದ್ದರಿಂದ ತಪ್ಪು ನನ್ನದಲ್ಲ ಎಂದು ಅರ್ಧ ದಿನ ವಾದಿಸಿದೆ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಆ ಒಂದು ಅಂಕಿಯನ್ನು ಹೆಚ್ಚಿಸಿದರು, ಎಲ್ಲ ಸರಿಹೋಯಿತು. ಒಂದು ಕಚೇರಿಯ ಪಟ್ಟಿಯಲ್ಲಿ ಒಂದಂಕಿ ಮರೆತದ್ದಕ್ಕೆ ಇಷ್ಟು ಪೇಚಾಟ. ಇಡೀ ಜಗತ್ತಿನ ಪಟ್ಟಿಯನ್ನು ಕಾಪಾಡಿದವರ ಎಚ್ಚರ ಎಂಥದ್ದಿರಬೇಕು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

1984ರ ಅಕ್ಟೋಬರಿನಲ್ಲಿ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಸೇರಿ ಮೇಲಿನ ಹಂತದ ಹೆಸರುಗಳು ಯಾವುವು ಎಂಬ ನಿಯಮ ಬರೆದರು. ವ್ಯಾಪಾರಕ್ಕೆ ಕಾಮ್, ವಿದ್ಯಾಸಂಸ್ಥೆಗೆ ಎಜು, ಸರ್ಕಾರಕ್ಕೆ ಗವ್, ಸೈನ್ಯಕ್ಕೆ ಮಿಲ್, ಇತರ ಸಂಸ್ಥೆಗಳಿಗೆ ಆರ್ಗ್. ಇವುಗಳ ಜೊತೆಗೆ ಪ್ರತಿ ದೇಶಕ್ಕೂ ಎರಡಕ್ಷರದ ಹೆಸರು. ಇಲ್ಲಿ ಒಂದು ಕಠಿಣ ಪ್ರಶ್ನೆ ಅಡಗಿತ್ತು. ಯಾವುದು ದೇಶ, ಯಾವುದು ಅಲ್ಲ? ಯುದ್ಧಗಳೇ ನಡೆದ ಪ್ರಶ್ನೆ ಇದು. ಗಡಿಯ ಜಗಳದಲ್ಲಿರುವ ಪ್ರದೇಶದವರು ಬಂದು ಹೆಸರು ಕೇಳಿದರೆ ಏನು ಮಾಡುವುದು? ಪೋಸ್ಟೆಲ್ ಅದನ್ನು ತೀರ್ಮಾನಿಸುವ ಅಧಿಕಾರ ತಮಗೆ ಬೇಡವೆಂದು ದೂರವಿಟ್ಟರು. ಅಂತರರಾಷ್ಟ್ರೀಯ ಪ್ರಮಾಣ ಸಂಸ್ಥೆ ಆಗಲೇ ಮಾಡಿಟ್ಟಿದ್ದ ಐಎಸ್‌ಒ 3166 ಎಂಬ ಪಟ್ಟಿಯಲ್ಲಿ ಇದ್ದರೆ ಹೆಸರು ಉಂಟು, ಇಲ್ಲದಿದ್ದರೆ ಇಲ್ಲ. ದೊಡ್ಡ ಅಧಿಕಾರ ಕೈಯಲ್ಲಿದ್ದಾಗ ಅದರ ಒಂದು ಭಾಗವನ್ನು ತಾನೇ ಬಿಟ್ಟುಕೊಡುವುದು ಸಣ್ಣ ವಿವೇಕವಲ್ಲ. ನಮ್ಮ ಭಾರತದ ಡಾಟ್ ಇನ್ ಹೆಸರು ಬೇರಿನ ಪಟ್ಟಿಗೆ ಸೇರಿದ್ದು ಹೀಗೆಯೇ, 1989ರ ಮೇ 8ರಂದು. ಆಗ ನಮ್ಮೂರಿನಲ್ಲಿ ಯಾರೂ ಇಂಟರ್‌ನೆಟ್ ಎಂಬ ಶಬ್ದವನ್ನೇ ಕೇಳಿರಲಿಲ್ಲ.

ಒಂದು ದೇಶದ ಹೆಸರನ್ನು ನೋಡಿಕೊಳ್ಳುವ ಸಂಸ್ಥೆ ಹೇಗೆ ನಡೆದುಕೊಳ್ಳಬೇಕು ಎಂದು 1994ರ ಮಾರ್ಚ್‌ನಲ್ಲಿ ಅವರು ಒಂದು ಟಿಪ್ಪಣಿ ಬರೆದರು. ಅದರ ತಾತ್ಪರ್ಯ ಇಷ್ಟು. ಈ ಹೆಸರು ಯಾರ ಆಸ್ತಿಯೂ ಅಲ್ಲ. ಅದನ್ನು ನೋಡಿಕೊಳ್ಳುವವರು ಆ ದೇಶದ ಜನರ ಪರವಾಗಿಯೂ ಜಗತ್ತಿನ ಜಾಲದ ಪರವಾಗಿಯೂ ಇರುವ ಧರ್ಮದರ್ಶಿಗಳು. ಅಲ್ಲಿ ಹಕ್ಕಿನ ಮಾತು, ಒಡೆತನದ ಮಾತು ಸಲ್ಲದು. ಹೊಣೆಯ ಮಾತು, ಸೇವೆಯ ಮಾತು ಸಲ್ಲುತ್ತದೆ. ಎಲ್ಲರನ್ನೂ ಒಂದೇ ರೀತಿ ಕಾಣಬೇಕು. ಹುಂಡಿಯ ಬೀಗದ ಕೈ ಹಿಡಿದವನು ಹುಂಡಿಯ ಒಡೆಯನಲ್ಲ ಎಂದು ನಮ್ಮ ಹಳ್ಳಿಯ ಹಿರಿಯರಿಗೆ ಹೇಳಿಕೊಡಬೇಕಿಲ್ಲ.

ಆದರೆ ಕಾಲ ಬದಲಾಗುತ್ತಿತ್ತು. ವೆಬ್ ಬಂದ ಮೇಲೆ ವ್ಯಾಪಾರಿಗಳು ಜಾಲಕ್ಕೆ ಧಾವಿಸಿದರು. ಅಷ್ಟರವರೆಗೆ ಹೆಸರು ನೋಂದಾಯಿಸಲು ಹಣ ಕೊಡಬೇಕಿರಲಿಲ್ಲ. ಡಾಟ್ ಕಾಮ್ ಮೊದಲಾದವುಗಳ ನೋಂದಣಿ ಮಾಡುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿಗೆ ಸರ್ಕಾರದ ಗುತ್ತಿಗೆ ಇತ್ತು. 1995ರಿಂದ ಎರಡು ವರ್ಷದ ಒಂದು ಹೆಸರಿಗೆ 100 ಡಾಲರ್ ಶುಲ್ಕ ಬಂತು. ಬೇರಿನ ಪಟ್ಟಿಯ ಮೂಲಪ್ರತಿಯೂ ಅದೇ ಕಂಪನಿಯ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಏನು ಬರೆಯಬೇಕೆಂದು ಹೇಳುತ್ತಿದ್ದವರು ಪೋಸ್ಟೆಲ್. ಹೆಸರು ಈಗ ಹಣವಾಗಿತ್ತು. ಹೊಸ ಹೆಸರುಗಳನ್ನು ಸೇರಿಸಿ ಪೈಪೋಟಿ ತರಬೇಕು ಎಂಬ ಪೋಸ್ಟೆಲ್ ಮತ್ತು ಸಂಗಡಿಗರ ಪ್ರಯತ್ನ ವಿವಾದದಲ್ಲಿ ಸಿಲುಕಿತು. ಪಟ್ಟಿ ಯಾರದು? ಬರೆದವರದೇ, ಕಂಪನಿಯದೇ, ಹಣ ಕೊಟ್ಟ ಅಮೆರಿಕ ಸರ್ಕಾರದ್ದೇ, ಜಗತ್ತಿನದ್ದೇ? ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಎದುರು ಬಂದು ನಿಂತಿತು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಇ-ಮೇಲ್ ಕಳುಹಿಸಿದರು. ಬೇರಿನ ಪಟ್ಟಿಯನ್ನು ಜಗತ್ತಿಗೆ ಹಂಚುವ ಸರ್ವರುಗಳು ಹದಿಮೂರು. ಒಂದರಲ್ಲಿ ಮೂಲಪ್ರತಿ, ಉಳಿದ ಹನ್ನೆರಡು ಅದರಿಂದ ನಕಲು ಪಡೆಯುತ್ತಿದ್ದವು. ಆ ಹನ್ನೆರಡರಲ್ಲಿ ಎಂಟು ಸರ್ವರುಗಳ ನಿರ್ವಾಹಕರಿಗೆ, ಇನ್ನು ಮುಂದೆ ಕಂಪನಿಯ ಕಂಪ್ಯೂಟರಿನ ಬದಲು ತಮ್ಮ ಸಂಸ್ಥೆಯ ಕಂಪ್ಯೂಟರಿನಿಂದ ಪಟ್ಟಿ ಪಡೆಯುವಂತೆ ಅವರು ತಿಳಿಸಿದರು. ಎಂಟೂ ಮಂದಿ ಹಾಗೆಯೇ ಮಾಡಿದರು. ಎರಡೂ ಕಡೆ ಪಟ್ಟಿ ಒಂದೇ ಆಗಿದ್ದರಿಂದ ಜಗತ್ತಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಅಮೆರಿಕ ಸರ್ಕಾರ ಬೆಚ್ಚಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜಿನರ್ ದೂರವಾಣಿಯಲ್ಲಿ ಪೋಸ್ಟೆಲ್ ಅವರನ್ನು ವಿಚಾರಿಸಿ, ಮೊದಲಿನಂತೆ ಮಾಡಲು ಸೂಚಿಸಿದರು. ಇದೊಂದು ಪರೀಕ್ಷೆ ಎಂದು ಪೋಸ್ಟೆಲ್ ವಿವರಣೆ ನೀಡಿದರು. ಎಲ್ಲವೂ ಹಿಂದಿನ ಸ್ಥಿತಿಗೆ ಮರಳಿತು.

ಅದು ನಿಜಕ್ಕೂ ಪರೀಕ್ಷೆಯೇ, ಪ್ರತಿಭಟನೆಯೇ ಎಂದು ಬಲ್ಲವರು ಇಂದಿಗೂ ಚರ್ಚಿಸುತ್ತಾರೆ. ಯಾರನ್ನೂ ಕೇಳದೆ ಹಾಗೆ ಮಾಡಿದ್ದು ಸರಿಯಲ್ಲ ಎನ್ನುವವರಿದ್ದಾರೆ, ಆ ಮಾತಿನಲ್ಲೂ ಹುರುಳಿದೆ. ನನ್ನ ಗಮನ ಮಾತ್ರ ಬೇರೆ ಎರಡು ಸಂಗತಿಗಳ ಮೇಲೆ ನಿಲ್ಲುತ್ತದೆ. ಒಂದು, ಯಾವ ಸರ್ಕಾರಿ ಹುದ್ದೆಯೂ ಇಲ್ಲದ ಒಬ್ಬರು ಇ-ಮೇಲ್ ಬರೆದರೆ ಎಂಟು ಕಡೆಯವರು ಮರುಮಾತಾಡದೆ ಒಪ್ಪಿದರು. ಆ ಅಧಿಕಾರ ಬಂದದ್ದು ಹಲವು ವರ್ಷ ತಪ್ಪಿಲ್ಲದೆ, ಪಕ್ಷಪಾತವಿಲ್ಲದೆ ಪಟ್ಟಿ ಬರೆದದ್ದರಿಂದ. ಎರಡು, ಪಟ್ಟಿ ಪೂರ್ತಿ ಅವರ ಕೈಗೆ ಬಂದ ಆ ಕೆಲವು ದಿನಗಳಲ್ಲಿ ಅವರು ಅದರಲ್ಲಿ ಒಂದಕ್ಷರವನ್ನೂ ತಮಗೆ ಬೇಕಾದಂತೆ ತಿದ್ದಲಿಲ್ಲ.

ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆ ಎಷ್ಟು ದೊಡ್ಡದಾದರೂ ಆ ವ್ಯಕ್ತಿಯ ಆಯುಷ್ಯಕ್ಕಿಂತ ಉದ್ದವಿರಲಾರದು. ಅದನ್ನು ಪೋಸ್ಟೆಲ್ ತಿಳಿದಿದ್ದರು. ಆ ವರ್ಷವಿಡೀ ಅವರು ಪಟ್ಟಿಯನ್ನು ತಮ್ಮ ಕೈಯಿಂದ ಒಂದು ಸಂಸ್ಥೆಗೆ ದಾಟಿಸಲು ಶ್ರಮಿಸಿದರು. ಲಾಭಕ್ಕಾಗಿ ಅಲ್ಲದ, ಹಲವು ದೇಶಗಳ ಜನ ಸೇರಿ ನಡೆಸುವ ಐಕ್ಯಾನ್ ಎಂಬ ಆ ಸಂಸ್ಥೆ 1998ರ ಸೆಪ್ಟೆಂಬರ್ 30ರಂದು ನೋಂದಣಿಯಾಯಿತು. ಅವರ ಹೃದಯದ ಕವಾಟಕ್ಕೆ 1991ರಲ್ಲೇ ಶಸ್ತ್ರಚಿಕಿತ್ಸೆ ಆಗಿತ್ತು. ಅದೇ ತೊಂದರೆ ಮತ್ತೆ ಕಾಣಿಸಿಕೊಂಡು ಆಸ್ಪತ್ರೆ ಸೇರಿದ ಅವರು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ 1998ರ ಅಕ್ಟೋಬರ್ 16ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 55. ಸಂಸ್ಥೆ ಹುಟ್ಟಿ ಹದಿನಾರು ದಿನಗಳಾಗಿದ್ದವು.

ಅವರೇ ಅಷ್ಟು ವರ್ಷ ಸಂಪಾದಿಸಿದ ಟಿಪ್ಪಣಿಗಳ ಸಾಲಿನಲ್ಲಿ 2468ನೆಯದು ಅವರ ನೆನಪಿಗೆ ಮೀಸಲಾಯಿತು. ಅದನ್ನು ಬರೆದವರು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದ ವಿಂಟ್ ಸರ್ಫ್. ಇಂಟರ್‌ನೆಟ್ ಸೊಸೈಟಿ 1999ರಿಂದ ಪೋಸ್ಟೆಲ್ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಪಟ್ಟಿಯ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಗುತ್ತಿಗೆಯ ಹಿಡಿತ 2016ರ ಅಕ್ಟೋಬರ್ 1ರಿಂದ ಇಲ್ಲವಾಯಿತು. ಅವರು ತೀರಿಕೊಂಡು ಹದಿನೆಂಟು ವರ್ಷಗಳ ನಂತರ, ಪಟ್ಟಿ ಯಾರ ಸ್ವತ್ತೂ ಅಲ್ಲ ಎಂಬ ಮಾತಿಗೆ ಇನ್ನಷ್ಟು ಬಲ ಬಂತು.

ಇಂದು ಆ ಬೇರಿನ ಪಟ್ಟಿಯಲ್ಲಿ ಡಾಟ್ ಇನ್ ಮಾತ್ರ ಅಲ್ಲ, ನಮ್ಮ ಕನ್ನಡ ಲಿಪಿಯಲ್ಲೇ ಬರೆದ ಡಾಟ್ ಭಾರತ ಎಂಬ ಹೆಸರೂ ಇದೆ. ಪೋಸ್ಟೆಲ್ ಪಟ್ಟಿ ಶುರುಮಾಡಿದಾಗ ಅಲ್ಲಿ ಇಂಗ್ಲಿಷಿಗೆ ಮಾತ್ರ ಜಾಗವಿತ್ತು. ನಮ್ಮ ಮಕ್ಕಳು ನಾಳೆ ಕನ್ನಡದಲ್ಲೇ ಒಂದು ಹೆಸರು ಬರೆದು ಅದರ ಎದುರು ಒಂದು ವಿಳಾಸ ಬರೆಯಬಹುದು. ನಮ್ಮ ಮೊಬೈಲಿನಲ್ಲಿ ಒಂದು ಪುಟ ತೆರೆಯುವ ಮುನ್ನ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲೋ ಒಂದು ಪಟ್ಟಿ ನೋಡಿ ಯಾರೋ ವಿಳಾಸ ಹೇಳುತ್ತಾರೆ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಜವಾಬ್ದಾರಿ ಹೊತ್ತ ಒಂದು ಕೈ ಇದೆ.

ನಮ್ಮ ಶಾಲೆಯ ರಿಜಿಸ್ಟರುಗಳ ಹಿಂದೆಯೂ ಅಂಥ ಕೈಗಳಿವೆ. ನನ್ನ ಹೆಸರನ್ನೂ, ಈ ಸಂಚಿಕೆ ಓದುತ್ತಿರುವ ನಿಮ್ಮ ಹೆಸರನ್ನೂ ಯಾರೋ ಒಬ್ಬ ಗುಮಾಸ್ತರು, ಯಾರೋ ಒಬ್ಬ ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಯಾವ ಬೀದಿಯ ಮಗು, ಯಾರ ಮನೆಯ ಮಗು ಎಂದು ನೋಡದೆ ಎಲ್ಲರಿಗೂ ಒಂದೊಂದು ಸಾಲು ಕೊಟ್ಟಿದ್ದಾರೆ. ಐವತ್ತು ವರ್ಷದಲ್ಲಿ ಮೊದಲ ಸಂಪುಟಗಳ ಕಾಗದ ಈಗ ಹಳದಿಯಾಗಿರುವುದು ಸಹಜ. ಮುಖ್ಯೋಪಾಧ್ಯಾಯರು ಒಪ್ಪಿದರೆ ಆ ಪುಟಗಳನ್ನು ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಶಾಲೆಯಲ್ಲೇ ಭದ್ರವಾಗಿಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೂ ಕೆಲವರು ಕೈಜೋಡಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುತ್ತದೆ. ಮೂಲ ರಿಜಿಸ್ಟರಿನಲ್ಲಿ ಒಂದಕ್ಷರವನ್ನೂ ನಾವು ತಿದ್ದುವುದಿಲ್ಲ. ಅದು ನಮ್ಮ ಆಸ್ತಿಯಲ್ಲ, ನಮ್ಮ ಹೊಣೆ ಎಂಬುದನ್ನು ಜಾನ್ ಪೋಸ್ಟೆಲ್ ಅವರ ಬದುಕಿನಿಂದ ಕಲಿತಿದ್ದೇನೆ. ನಮ್ಮ ಹೆಸರುಗಳನ್ನು ಸರಿಯಾಗಿ ಬರೆದಿಟ್ಟ ಎಲ್ಲ ಗುರುಗಳಿಗೂ ಕಚೇರಿಯ ಸಿಬ್ಬಂದಿಗೂ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನ ನಮನಗಳು.